ಅಸಹ್ಯಕ್ಕೂ ಮೊದಲು ನೋವಿತ್ತು

ನನ್ನ ಬ್ಲೌಸಿನ ಅಳತೆ ತೆಗೆಯುತ್ತಿದ್ದ ರೇಖಾ ಟೇಪು ಕೆಳಗಿಟ್ಟು ಒಮ್ಮೆಲೇ ಹೇಳಿದಳು: "ನಮ್ಮನಿಯವ್ರು ಭಾಳ ಚಲೋ ಅದಾರ್ರಿ ಅಕ್ಕಾ. ಆದ್ರ ಮೈ ಮುಟ್ಟಿದ್ರ ನನಗ ವಾಂತಿ ಬಂದಂಗ ಆಗ್ತೈತಿ."

ಮೂರು ವರ್ಷದ ಹಿಂದೆ ಶಿರಸಿಯ ನಮ್ಮ ಓಣಿಯಿಂದ ಬನವಾಸಿಗೆ ಮದುವೆಯಾಗಿ ಹೋದ ಹುಡುಗಿ ಇವಳು. ಗಂಡ ಮಹಾಂತೇಶನಿಗೆ ಬೀಜ-ಗೊಬ್ಬರದ ಅಂಗಡಿ. (ಹೆಸರು, ಅಂಗಡಿ ಎರಡನ್ನೂ ಬದಲಿಸಿದ್ದೇನೆ. ಬರೆಯಿರಿ ಎಂದವಳು ಅವಳೇ.) ತವರಿಗೆ ಬಂದವಳು ತಿಂಗಳಾದರೂ ವಾಪಸ್ ಹೋಗಿರಲಿಲ್ಲ.

ಶುರುವಾಗಿದ್ದು ನೋವಿನಿಂದ. ಮೊದಲ ಸಲವೇ ಚಾಕು ಹಾಕಿದಂತಹ ನೋವು. ಅತ್ತಿಗೆಗೆ ಹೇಳಿದರೆ, "ಎಲ್ಲಾರಿಗೂ ಹಂಗ. ಹಲ್ಲು ಕಚ್ಚಿ ತಡ್ಕೋ" ಎಂದಳಂತೆ.

ತಡೆದುಕೊಂಡಳು. ತಿಂಗಳುಗಟ್ಟಲೆ. ಆಮೇಲೆ ಗಂಡ ಹತ್ತಿರ ಬರುವ ಮೊದಲೇ ಮೈ ಮರಗಟ್ಟತೊಡಗಿತು. ಅವನ ತಲೆಯೆಣ್ಣೆಯ ವಾಸನೆ ಬಂದರೂ ಎದ್ದು ಹೊರಗೆ ಹೋಗತೊಡಗಿದಳು.

ಅವನೇನೂ ರಾಕ್ಷಸನಲ್ಲ. ಕಾದ. ಮುನಿಸಿಕೊಂಡ. ಕಡೆಗೊಂದು ದಿನ ಇವಳೇ ಮನಸ್ಸು ಗಟ್ಟಿ ಮಾಡಿ ಹತ್ತಿರ ಹೋದರೆ ಅವನಿಂದ ಆಗಲಿಲ್ಲ. ಮುಂದಿನ ಸಲವೂ ಆಗಲಿಲ್ಲ. ಆಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗತೊಡಗಿದ. ಅತ್ತೆಮನೆಯವರು ಏನು ಮಾಡಿದರು? ಮಗುವಾಗಲೆಂದು ಸೊಸೆಗೆ ತಾಯಿತ ಕಟ್ಟಿಸಿದರು!

ಹುಬ್ಬಳ್ಳಿಯ ಲೇಡಿ ಡಾಕ್ಟರ್ ಬಳಿ ನಾನೇ ಕರೆದುಕೊಂಡು ಹೋದೆ. ಅವರು ಗಡಿಬಿಡಿ ಮಾಡದೆ ಎಲ್ಲ ಕೇಳಿಸಿಕೊಂಡರು, ಪರೀಕ್ಷಿಸಿದರು.

"ನಿನ್ನ ತಪ್ಪಿಲ್ಲಮ್ಮ. ನೋವಿಗೆ ಹೆದರಿ ಒಳಗಿನ ಸ್ನಾಯು ತಾನಾಗೇ ಬಿಗಿಯಾಗುತ್ತೆ. ಬಿಗಿಯಾದ್ರೆ ಇನ್ನೂ ನೋವು. ಹಾಗೇ ಬಿಟ್ರೆ ಮನಸ್ಸು ಆ ಸುಖಾನೇ ಅಸಹ್ಯ ಅಂತ ದೂರ ತಳ್ಳುತ್ತೆ. ನಿನ್ನ ಗಂಡನಿಗೂ ಬಹುಶಃ ಟೆನ್ಷನ್‌ನಿಂದಲೇ ಹೀಗಾಗಿರಬಹುದು, ನೋಡದೆ ಹೇಳೋಕಾಗಲ್ಲ. ಇಬ್ರೂ ಬನ್ನಿ. ನಿಧಾನ ಆಗುತ್ತೆ, ಆದ್ರೆ ಚಿಕಿತ್ಸೆ ಇದೆ. ಅಲ್ಲಿಯವರೆಗೆ ಒತ್ತಾಯ ಬೇಡ."

(ಎಲ್ಲರದ್ದೂ ನೋವಿನಿಂದಲೇ ಶುರುವಾಗಬೇಕೆಂದಿಲ್ಲವಂತೆ. ಹಿಂದೆಂದೋ ಆದ ಬಲವಂತ, ಬರೀ ಭಯ, ಪಾಪವೆಂಬ ಭಾವನೆ, ಯಾವುದೂ ಸಾಕಂತೆ.)

"ಹಂಗಾರ ಇದು ಜಡ್ಡೇನ್ರಿ? ನಾ ಕೆಟ್ಟಾಕಿ ಅಲ್ಲೇನ್ರಿ?" ಎಂದು ರೇಖಾ ಅತ್ತಳು. ವಾಪಸ್ ಬರುವಾಗ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಬನ್ಸ್ ತಿಂದಳು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ ಹುಡುಗಿ.

ಮರುದಿನವೇ ಬನವಾಸಿಗೆ ಹೋಗಿ ಮಹಾಂತೇಶನಿಗೆ ಎಲ್ಲ ಹೇಳಿದೆ. ಗೊಬ್ಬರದ ಚೀಲಗಳ ನಡುವೆ ತಲೆ ತಗ್ಗಿಸಿ ಕೇಳಿದ. "ಡಾಕ್ಟ್ರ ಮುಂದ ನಾ ಏನಂತ ಹೇಳ್ಲಿ ಅಕ್ಕಾರ? ಊರಾಗ ಗೊತ್ತಾದ್ರ ಅಂಗಡಿ ಮುಂದ ನಿಂತು ನಗ್ತಾರ್ರಿ" ಎಂದ. ಕಣ್ಣು ತುಂಬಿತ್ತು. ಆದರೂ ಗುರುವಾರ ಡಾಕ್ಟರ್ ಬಳಿ ಬರುತ್ತೇನೆಂದ.

ಬರಲಿಲ್ಲ. ಫೋನ್ ಸ್ವಿಚ್ ಆಫ್.

ಭಾನುವಾರ ಬಂದವರು ಗಂಡನ ಕಡೆಯ ಹಿರಿಯರು, ರೇಖಾಳ ತವರಿಗೆ. ಹಿಂದೆ ಮಹಾಂತೇಶ. "ಹುಡುಗಿಗೆ ಸಂಸಾರ ಮಾಡೂ ಮನಸಿಲ್ಲ. ಬಿಡುಗಡಿ ಮಾಡ್ಕೊಳ್ಳೋಣ" ಎಂದರು. ಡಾಕ್ಟರ್ ಹೇಳಿದ್ದನ್ನು ನಾನು ಬಾಯಿಬಿಡುವಷ್ಟರಲ್ಲಿ, "ಇಂಥಾದ್ದೆಲ್ಲ ಗಂಡಸ್ರ ಮುಂದ ಮಾತಾಡಬ್ಯಾಡ್ರಿ ಬಾಯಾರ" ಎಂದು ಹಿರಿಯರೊಬ್ಬರು ತಡೆದರು. ಆಗ ರೇಖಾಳ ಅಪ್ಪನೇ ಎಲ್ಲರೆದುರು ಮಗಳನ್ನು ಕೇಳಿದರು: "ಖರೇ ಹೇಳು. ಬ್ಯಾರೆ ಯಾರರ ಅದಾರೇನು?"

ಅವಳು ಗಂಡನ ಮುಖ ನೋಡಿದಳು. ಅಲ್ಲಿದ್ದ ಗಂಡಸರಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೇ. ಅವನು ನೆಲ ನೋಡುತ್ತ ಕುಳಿತಿದ್ದ. ಒಂದು ಮಾತು ಆಡಿದ್ದರೆ? ಆಡಲಿಲ್ಲ. ಅವಳೂ ಆಡಲಿಲ್ಲ. ಅವಳ ಮೌನವನ್ನೇ ಎಲ್ಲರೂ ತಪ್ಪೊಪ್ಪಿಗೆ ಎಂದುಕೊಂಡರು.

ವಿಚ್ಛೇದನವಾಯಿತು. ಡಾಕ್ಟರ್ ಬಳಿ ಮತ್ತೆ ಹೋಗೋಣವೇ ಎಂದರೆ, "ಇನ್ಯಾರಿಗೋಸ್ಕರರಿ ಅಕ್ಕಾ?" ಎನ್ನುತ್ತಾಳೆ. 'ನಿನಗೋಸ್ಕರ' ಎಂದರೆ ಅವಳ ಕಿವಿಗೇ ಬೀಳುವುದಿಲ್ಲ. ಅಪ್ಪ ಮಗಳೊಡನೆ ಮಾತು ಬಿಟ್ಟಿದ್ದಾರೆ.

ಮಹಾಂತೇಶನಿಗೆ ಸಿದ್ದಾಪುರ ಕಡೆಯ ಹುಡುಗಿಯೊಡನೆ ಮದುವೆ ಗೊತ್ತಾಗಿದೆಯಂತೆ. ಡಾಕ್ಟರನ್ನು ಅವನು ಇಂದಿಗೂ ಕಂಡಿಲ್ಲ.

ನಾಳೆ ಅವನಿಂದ ಆಗದಿದ್ದರೆ, ಆ ಹುಡುಗಿಗೆ ಏನೆಂದು ಹೆಸರಿಡುತ್ತಾರೆ?