ಸೋಫಾಕ್ಕೆ ಒಪ್ಪುವ ಕುರ್ಚಿ

ಅಕ್ಕೋಳದ ನಮ್ಮ ಮನೆಯ ಪಡಸಾಲೆಯಲ್ಲಿ ಅರ್ಧ ಜಾಗವನ್ನು ಒಂದು ಚರ್ಮದ ಸೋಫಾ ಹಿಡಿದುಕೊಂಡಿದೆ. ತಂಬಾಕಿನ ವ್ಯಾಪಾರ ಮಾಡುತ್ತಿದ್ದ ಅಪ್ಪ, ಕೊಲ್ಹಾಪುರದಲ್ಲಿ ಯಾರೋ ಹಳೆಯ ಬಂಗಲೆ ಖಾಲಿ ಮಾಡುವಾಗ ಅದನ್ನು ಕೊಂಡು, ತಂಬಾಕು ಹೇರುವ ಲಾರಿಯಲ್ಲೇ ಹಾಕಿಕೊಂಡು ಬಂದಿದ್ದ. ನನಗಾಗ ಆರೇಳು ವರ್ಷ. ಬಾಗಿಲಲ್ಲಿ ಹಿಡಿಸದೆ ಚೌಕಟ್ಟು ಕಿತ್ತು ಒಳಗೆ ತಂದದ್ದು ನೆನಪಿದೆ. ಅದರ ತೋಳುಗಳು ಈಗಲೂ ನನ್ನ ತೊಡೆಗಿಂತ ದಪ್ಪ. ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತದೆ, ಚಳಿಗಾಲದಲ್ಲಿ ಕೂತ ಕೂಡಲೇ ಮೈ ಜುಮ್ಮೆನ್ನುತ್ತದೆ. ಆದರೂ ನನಗೆ ಅದರ ಮೇಲೆ ಜೀವ. ಯಾರಾದರೂ ಮಾರಿಬಿಡಿ ಅಂದರೆ ಮೈಯೆಲ್ಲ ಉರಿಯುತ್ತದೆ.

ಅವ್ವ ಅದರ ಮೇಲೆ ಒಂದು ದಿನವೂ ಕೂತವಳಲ್ಲ. ನಾವು ಜೈನರು; ಚರ್ಮ ಮುಟ್ಟುವುದಿಲ್ಲವೆಂದು ಆಕೆಯ ನೇಮ. ಬಸದಿಗೆ ಹೋಗುವಾಗ ಅಪ್ಪನೂ ಬೆಲ್ಟು ಬಿಚ್ಚಿಟ್ಟು ಹೋಗುತ್ತಿದ್ದ, ಆದರೆ ಸೋಫಾದ ಮಾತು ಬಂದರೆ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಅವ್ವ ಜಗಳ ತೆಗೆಯಲಿಲ್ಲ. ಸೋಫಾದ ಎದುರು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಳು. ಕೂತವಳು ನಲವತ್ತು ವರ್ಷ ಅಲ್ಲೇ ಕೂತಳು. ಮನೆಗೆ ಬಂದವರು ಕೇಳಿದರೆ ನಾವು ಹೆಮ್ಮೆಯಿಂದ ಹೇಳುತ್ತಿದ್ದೆವು, "ನಮ್ಮವ್ವ ಭಾಳ ನೇಮದಾಕಿ, ಕೆಳಗೇ ಕುಂದ್ರತಾಳ." ಬಂದವರು ಆಕೆಗೆ ಕೈ ಮುಗಿಯುತ್ತಿದ್ದರು.

ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಬಿದ್ದಿದ್ದವು. ಅವನ್ನು ಪಡಸಾಲೆಗೆ ತರಲು ಅಪ್ಪ ಬಿಡುತ್ತಿರಲಿಲ್ಲ. "ಇಂಥಾ ಸೋಫಾದ ಬಾಜೂಕ ಆ ಕುರ್ಚಿ ಇಡ್ತಿಯೇನಲೇ? ನೋಡಿದವರು ನಗ್ತಾರ" ಅನ್ನುತ್ತಿದ್ದ. ಅವನು ತೀರಿಕೊಂಡು ಮೂರು ವರ್ಷವಾದರೂ ಆ ಕಾಯಿದೆಯನ್ನು ನಾನು ಹಾಗೇ ನಡೆಸಿಕೊಂಡು ಬಂದೆ.

ಈ ವರ್ಷ ಅವ್ವನ ಮೊಣಕಾಲುಗಳು ಕೈಕೊಟ್ಟವು. ಚಾಪೆಯಿಂದ ಏಳಬೇಕೆಂದರೆ ಒಬ್ಬರು ಕಂಕುಳಿಗೆ ಕೈ ಹಾಕಿ ಎತ್ತಬೇಕು. ಚಿಕ್ಕೋಡಿಯ ಡಾಕ್ಟರು ಆಕೆಯ ಕಾಲು ಮುಟ್ಟಿ ನೋಡಿ, ಬೈದಿದ್ದು ಮಾತ್ರ ನನಗೆ. "ಇನ್ನ ಇವ್ರು ನೆಲಕ್ಕ ಕುಂದರಬಾರದ್ರಿ. ಮನ್ಯಾಗ ಕುರ್ಚಿ ಇಲ್ಲೇನು?" ಅಂದಿನಿಂದ ಅವ್ವ ಒಳಗಿನ ಕೋಣೆಯ ಮಂಚ ಸೇರಿದಳು. ಪಡಸಾಲೆಯಲ್ಲಿ ಯಾರಾದರೂ ಜೋರಾಗಿ ನಕ್ಕರೆ ಒಳಗಿನಿಂದ "ಏನಾತಪಾ?" ಎಂದು ಕೂಗುತ್ತಿದ್ದಳು. ಕುರ್ಚಿ ಬಾರದಿದ್ದರೆ ಆಕೆ ಮನೆಯ ಮಾತುಕತೆಯಿಂದಲೇ ಹೊರಗಾಗುತ್ತಾಳೆ ಎಂಬುದು ಎರಡೇ ದಿನದಲ್ಲಿ ತಿಳಿಯಿತು.

ಕುರ್ಚಿ ತರುವುದೇನೋ ಸರಿ, ಆದರೆ ಸೋಫಾಕ್ಕೆ ಒಪ್ಪಬೇಕಲ್ಲ! ಟೇಪು ಹಿಡಿದು ಸೋಫಾ ಅಳೆದೆ, ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ಹೊಡೆದೆ. ಚಿಕ್ಕೋಡಿಯಲ್ಲಿ ಎರಡು ಅಂಗಡಿ ನೋಡಿದೆ. ಒಂದು ಕಡೆ ಬರೀ ಕೆಂಪು ಮಖಮಲ್ಲು, ಚಿನ್ನದ ಬಣ್ಣ ಬಳಿದ ಕಾಲುಗಳು. ಇನ್ನೊಂದು ಕಡೆ ಇದ್ದ ಕುರ್ಚಿಗಳು ನಮ್ಮ ಸೋಫಾದ ಪಕ್ಕ ಇಟ್ಟರೆ ಕೋಣದ ಪಕ್ಕ ಕುರಿಮರಿ ಕಟ್ಟಿದ ಹಾಗೆ ಕಾಣುತ್ತಿದ್ದವು. ವಾರ ಹೀಗೇ ಕಳೆಯಿತು. ಕೊನೆಗೆ ಅವ್ವನೇ, "ನನ್ನನ್ನ ಕರಕೊಂಡ ಹೋಗು. ಹೊತ್ತು ಮುಳುಗೂದರಾಗ ಊಟಕ್ಕ ಮನಿಗೆ ಬರೂಣು" ಅಂದಳು. ಹೆಂಡತಿ ಶಾಲೆಗೆ ಹೋಗಿದ್ದಳು, ಆಕೆ ಶಿಕ್ಷಕಿ. ನಾವಿಬ್ಬರೇ ನಿಪ್ಪಾಣಿಗೆ ಹೊರಟೆವು.

ಅಂಗಡಿಯವರು, "ಬರ್ರಿ ಆಯಿ, ಬಸಾ, ಬಸಾ" ಎಂದು ಮರಾಠಿ ಬೆರೆಸಿ ಕೂರಲು ಹೇಳುತ್ತ ಒಂದು ಕಂದು ಕುರ್ಚಿ ಮುಂದೆ ತಳ್ಳಿದರು. ಅವ್ವ ಕೂರಲಿಲ್ಲ.

"ಇದು ಯಾತರದ್ರಿ?"

"ರೆಕ್ಸಿನ್ ಐತ್ರಿ. ಆದರ ಏಕದಮ್ ಚರ್ಮದ ಗತೆ ಕಾಣ್ತೈತಿ."

"ಚರ್ಮ ಅಲ್ಲಂದ್ರ ಅದರ ವೇಷ ಯಾಕ ಹಾಕ್ತೀರಿ?" ಎಂದು ಅವ್ವ ಮುಂದೆ ನಡೆದಳು. ಅವರು ನನ್ನ ಮುಖ ನೋಡಿದರು.

ನಾನು ಪ್ರತಿ ಕುರ್ಚಿಯ ಪಕ್ಕದಲ್ಲೂ ಮೊಬೈಲು ಹಿಡಿದು ಬಣ್ಣ ಹೋಲಿಸುತ್ತಿದ್ದೆ. ಅವ್ವನಿಗೆ ರೇಗಿತು. "ನೀ ನನಗ ಕುರ್ಚಿ ನೋಡಾಕತ್ತೀಯೊ, ಸೋಫಾಕ್ಕೊ?" ಅಂದಳು. ಮೊಬೈಲು ಜೇಬಿಗೆ ಹಾಕಿದೆ.

ಆಕೆ ಆರಿಸಿದ್ದು ಸಾಗವಾನಿ ಕಟ್ಟಿಗೆಯ, ಬೆತ್ತ ಹೆಣೆದ, ತೋಳಿರುವ ಒಂದು ಸಾದಾ ಕುರ್ಚಿ. ಕೂತು, ಕಾಲು ಊರಿ, ಯಾರ ಕೈಯನ್ನೂ ಹಿಡಿಯದೆ ಎದ್ದಳು. ಮತ್ತೆ ಕೂತು ಕೇಳಿದಳು, "ಸೋಫಾದಷ್ಟು ಎತ್ತರ ಐತೇನು ನೋಡು."

ಅಳೆದೆ. ಒಂದು ಇಂಚು ಹೆಚ್ಚೇ ಇತ್ತು.

"ಇರಲಿ. ನಿಮ್ಮಪ್ಪನ ಜೋಡಿ ಮಾತಾಡಿ ಮಾತಾಡಿ ನನ್ನ ಕುತ್ತಿಗಿ ಮ್ಯಾಲ ಮಾಡೇ ಸೋತು ಹೋಗೈತಿ."

"ಯವ್ವಾ, ಕೆಳಗ ಕುಂದರೂದು ನಿನ್ನ ನೇಮ ಅಲ್ಲೇನು?"

"ಚರ್ಮ ಮುಟ್ಟೂದಿಲ್ಲ ಅನ್ನೂದು ನೇಮ. ನೆಲಕ್ಕ ಕುಂದರತೀನಿ ಅಂತ ನಾ ಯಾವಾಗ ಅಂದಿದ್ದೆ? ಒಂದು ಕುರ್ಚಿ ಹಾಕೂಣು ಅಂತ ನಿಮಗ ಯಾರಿಗೂ ಹೊಳೀಲಿಲ್ಲ."

ಆಕೆ ಸಿಟ್ಟಿನಿಂದೇನೂ ಹೇಳಲಿಲ್ಲ. ಉಪ್ಪು ತೀರಿದೆ ಎಂದು ಹೇಳುವಾಗಿನ ಅದೇ ದನಿ. ನಾನು ನಾಚಿಕೆಯಿಂದ ಕುಗ್ಗಿಹೋದೆ. ನಲವತ್ತು ವರ್ಷ ನಮ್ಮ ಅಲಕ್ಷ್ಯಕ್ಕೆ ಆಕೆಯ ನೇಮದ ಹೆಸರಿಟ್ಟು, ಅದನ್ನೇ ಬಂದವರಿಗೆಲ್ಲ ಹೊಗಳಿ ಹೇಳಿದ್ದೆವು.

ಅಷ್ಟರಲ್ಲಿ ಅವ್ವ ಅಂಗಡಿಯವರಿಗೆ ಹೇಳಿದಳು, "ಇಂಥಾವ ಎರಡು ಕೊಡ್ರಿ."

"ಒಂದ ಸಾಕಲ್ಲ? ನಾವು ಸೋಫಾದ ಮ್ಯಾಲ ಕುಂದರತೀವಲ್ಲ" ಅಂದೆ.

"ನೀ ಕುಂದರತಿ. ನಿನ್ನ ಹೆಣ್ತಿ ಕುಂತದ್ದು ಯಾವಾಗ ನೋಡೀದಿ? ಅತ್ತಿ ಕೆಳಗ ಕುಂತಾಗ ಸೊಸಿ ಮ್ಯಾಲ ಹ್ಯಾಂಗ ಕುಂದರತಾಳ? ಸಾಲ್ಯಾಗ ಕುರ್ಚಿ ಮ್ಯಾಲ ಕುಂತು ಬರ್ತಾಳ, ಮನಿಗೆ ಬಂದು ನನ್ನ ಬಾಜೂಕ ನೆಲಕ್ಕ ಕುಂದರತಾಳ. ಹದಿನಾರು ವರ್ಷ ಆತು."

ಎರಡೂ ಕುರ್ಚಿಗಳನ್ನು ಟೆಂಪೋಕ್ಕೆ ಹೇರಿಸಿದೆ. ದಾರಿಯುದ್ದಕ್ಕೂ, ಹೆಂಡತಿ ಸೋಫಾದ ಮೇಲೆ ಕೂತ ಒಂದಾದರೂ ದಿನ ನೆನಪಾಗುತ್ತದೋ ಎಂದು ಹುಡುಕಿದೆ. ದೀಪಾವಳಿ, ಆಕೆಗೆ ಜ್ವರ ಬಂದ ದಿನಗಳು, ಆಕೆಯ ತವರಿನವರು ಬಂದಾಗ. ಮನೆ ಬಂತು, ಒಂದೂ ಸಿಗಲಿಲ್ಲ.

ಸಂಜೆ ಹೆಂಡತಿ ಶಾಲೆಯಿಂದ ಬಂದಾಗ ಅವ್ವ ಪಡಸಾಲೆಯಲ್ಲಿ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಹೆಂಡತಿ ಹೆಗಲ ಚೀಲವನ್ನೂ ಇಳಿಸದೆ ಬೆತ್ತದ ಮೇಲೆ ಕೈಯಾಡಿಸಿ, "ಭಾಳ ಚಲೋ ಅದಾವ್ರಿ. ಇನ್ನೊಂದು ಬಂದವರಿಗೇನು?" ಎಂದು ಕೇಳಿದಳು.

"ನಿನಗ" ಅಂದೆ.

ಆಕೆ ನನ್ನ ಮಾತು ನಂಬದೆ ಅವ್ವನ ಮುಖ ನೋಡಿದಳು.