ಸುಣ್ಣದ ಹಡಗಿನ ಟಿಂಡಲ್ ಸೊಣ್ಣಪ್ಪ

ಇನ್ನೂ ಮಬ್ಬುಗತ್ತಲು. ಶಂಕರಪುರದ ಅಂಚಿನ ಬಯಲಿನಲ್ಲಿ ಸೊಣ್ಣಪ್ಪ ಬಗ್ಗಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಾರೆ. ಎಡಗೈಯಲ್ಲಿ ಸುಣ್ಣದ ಪುಡಿ ತುಂಬಿದ ತಗಡಿನ ಡಬ್ಬಿ. ಬಲಗೈ ಬೆರಳ ಸಂದಿಯಿಂದ ಪುಡಿ ಎಳೆಯಾಗಿ ನೆಲಕ್ಕಿಳಿಯುತ್ತದೆ. ತುಟಿ ಮಾತ್ರ ಹೆಜ್ಜೆ ಎಣಿಸುತ್ತಿದೆ. ಅರವತ್ತೆರಡು ಹೆಜ್ಜೆ ಉದ್ದ, ಹನ್ನೆರಡು ಹೆಜ್ಜೆ ಅಗಲ. ಮುಂದೆ ಚೂಪು, ಹಿಂದೆ ದುಂಡು. ಹೊಗೆ ಕೊಳವೆಗೆ ಒಂದು ಸುತ್ತು, ಚುಕ್ಕಾಣಿಗೆ ಇನ್ನೊಂದು. ಬೆಳಕಾಗುವ ಹೊತ್ತಿಗೆ ಗರಿಕೆ ಹುಲ್ಲಿನ ಮೇಲೆ ಒಂದು ಹಡಗು ಮಲಗಿರುತ್ತದೆ.

ಬಾವಿಗೆ ಹೊರಟ ಅಕ್ಕಯಮ್ಮ ಬೇಲಿಯಾಚೆ ನಿಲ್ಲುತ್ತಾರೆ. ಪಕ್ಕದ ಬೀದಿಯವರು, ದಿನವೂ ಒಂದು ಮಾತು ಎಸೆಯದೆ ಮುಂದೆ ಹೋಗುವವರಲ್ಲ.

"ಏನ್ ಸೊಣ್ಣಪ್ಪಣ್ಣ, ಹಡಗೇನೋ ಆಯ್ತು. ನೀರೆಲ್ಲಿ? ಬರ್ತಾ ಒಂದು ಬಿಂದಿಗೆ ಸುರೀಲಾ?"

"ಬ್ಯಾಡ ತಾಯಿ. ನೀರು ಬಿದ್ರೆ ಸುಣ್ಣ ಅಳಿಸೋಗ್ತದೆ, ಹಡಗೇ ಮುಳುಗ್ತದೆ."

ಅಕ್ಕಯಮ್ಮ ನಕ್ಕು ಹೋಗುತ್ತಾರೆ. ಸೊಣ್ಣಪ್ಪನವರೂ ನಗುತ್ತಾರೆ, ಅರ್ಧ. ಹೋದ ಕಾರ್ತೀಕ ಮಾಸದಲ್ಲಿ ಕೆರೆಯ ದಡದ ಒಂದು ಬೆಳಿಗ್ಗೆ ಕಳೆದ ಮೇಲೆ ಅವರ ನಗು ಯಾವಾಗಲೂ ಅಷ್ಟಕ್ಕೇ ನಿಲ್ಲುತ್ತದೆ.

ದೊಡ್ಡ ಯುದ್ಧ ಮುಗಿದು ನಾಲ್ಕನೆಯ ವರ್ಷ ಇದು. ಕಾಲೇಜು ಹುಡುಗರಿಗೆ ಹಡಗಿನ ಕೆಲಸ ಕಲಿಸಲೆಂದು ವಿಶ್ವವಿದ್ಯಾನಿಲಯ ಈ ಬಯಲಿನಲ್ಲಿ ತರಬೇತಿ ದಳವೊಂದನ್ನು ನಡೆಸುತ್ತಿದೆ. ದಳಕ್ಕೆ ಯಜಮಾನರು ಕಮಾಂಡರ್ ಪೆನ್‌ರೋಸ್, ಮೂವತ್ತು ವರ್ಷ ಸಮುದ್ರದ ಮೇಲಿದ್ದು ನಿವೃತ್ತರಾದ ದೊರೆ. ಕಚೇರಿಯ ಕಾಗದ ಪತ್ರ ನೋಡಿಕೊಳ್ಳುವವರು ಗುಮಾಸ್ತೆ ಶೀನಣ್ಣ. ಮಿಕ್ಕಿದ್ದೆಲ್ಲ ಸೊಣ್ಣಪ್ಪ. ಪಟ್ಟಿಯಲ್ಲಿ ಅವರ ಹುದ್ದೆ ಟಿಂಡಲ್, ಎಂದರೆ ಹಡಗಿನ ಆಳುಗಳ ಮೇಲೆ ಮೇಸ್ತ್ರಿ. ಇಲ್ಲಿ ಆಳೂ ಅವರೇ, ಮೇಸ್ತ್ರಿಯೂ ಅವರೇ. ದಿನಕ್ಕೆ ಎರಡು ಡಬ್ಬಿ ಸುಣ್ಣ, ಇಪ್ಪತ್ತಾರು ಹುಡುಗರು, ಹದಿನಾಲ್ಕು ಬಗೆಯ ಗಂಟು, ನಲವತ್ತು ಬಾವುಟ. ಹಗ್ಗದ ತುದಿ ಬಿಚ್ಚಿದ್ದರೆ ದಾರ ಸುತ್ತಿ ಕಟ್ಟುವುದು, ಬಾವುಟ ಹರಿದಿದ್ದರೆ ಹೊಲಿಯುವುದು, ಹುಡುಗರು ಮರೆತು ಹೋದ ಟೋಪಿಗಳನ್ನು ಎತ್ತಿಡುವುದು.

ಕಮಾಂಡರ್ ಹಾಕಿದ ಕಟ್ಟಳೆ ಕಟ್ಟುನಿಟ್ಟು. ಸುಣ್ಣದ ಗೆರೆಯೆಂದರೆ ಹಡಗಿನ ಅಂಚು. ಹತ್ತುವವರು ಹಲಗೆ ಇಟ್ಟ ಕಡೆಯೇ ಹತ್ತಬೇಕು, ಹತ್ತಿದ ಮೇಲೆ ಸಲಾಮು ಹೊಡೆಯಬೇಕು. ಮನೆಗೆ ಹೋಗುವಾಗ "ದಡಕ್ಕಿಳಿಯಲು ಅಪ್ಪಣೆಯೇ?" ಎಂದು ಕೇಳಬೇಕು. ಮರೆತು ಗೆರೆ ದಾಟಿದವನು ನೀರಿಗೆ ಬಿದ್ದ ಹಾಗೆ. ಅವನು ಬಿದ್ದಲ್ಲೇ ಅಲುಗಾಡದೆ ನಿಂತು ಬಲಗೈ ಎತ್ತಬೇಕು. ಹಡಗಿನವರು ಗಂಟೆ ಬಾರಿಸಿ, ನಾಲ್ವರು ಸಾಲಾಗಿ ನಿಂತು, ಹಗ್ಗದ ಸುರುಳಿ ಬಿಚ್ಚಿ, ಅಪ್ಪಣೆಯಾದ ಮೇಲೆ ಎಸೆಯಬೇಕು. ಇದನ್ನು ದಿನಕ್ಕೆ ಹತ್ತು ಸಲವಾದರೂ ಮಾಡಿಸಿದವರು ಸೊಣ್ಣಪ್ಪ. "ಕೈ ನೆಟ್ಟಗಿರಲಿ ಸ್ವಾಮಿ! ಅಲುಗಾಡಬ್ಯಾಡಿ!" ಎಂದು ಅವರು ಕೂಗುವುದು ಚಾಮರಾಜಪೇಟೆಗೆ ಕೇಳುತ್ತಿತ್ತು ಎಂದು ಹುಡುಗರು ಹಾಸ್ಯ ಮಾಡುತ್ತಾರೆ.

ಸೊಣ್ಣಪ್ಪನವರದು ತರಕಾರಿ ಬೆಳೆಯುವ ಮನೆತನ. ಅವರ ಹೆಂಡತಿ ಲಕ್ಕಮ್ಮ ಈಗಲೂ ಬುಟ್ಟಿ ಹೊತ್ತು ಬಸವನಗುಡಿಯ ಮನೆಮನೆಗೆ ಸೊಪ್ಪು ಮಾರುತ್ತಾರೆ. "ನಮ್ಮನೆ ಬಾಗ್ಲಿಗೆ ಒಂದಿನ ಒಂದು ಎಳೆ ರಂಗೋಲಿ ಹಾಕ್ದೋರಲ್ಲ, ಬಯಲು ತುಂಬ ಬರ್ಕೊಂಡು ಕೂತವ್ರೆ" ಎಂದು ಗಂಡನ ಮುಂದೆಯೇ ಹೇಳುತ್ತಾರೆ. ಕೆಂಪಾಂಬುಧಿ ಕೆರೆಯಲ್ಲಿ ಎಮ್ಮೆಗಳ ಜೊತೆ ಈಜು ಕಲಿತ ಸೊಣ್ಣಪ್ಪ ಯುದ್ಧದ ಮೂರನೆಯ ವರ್ಷ ಕೂಲಿ ಪಡೆಗೆ ಸೇರಿ ಬಸ್ರಾಕ್ಕೆ ಹೋದರು. ಅಲ್ಲಿ ಇನ್ನೂರು ಜನರನ್ನು ನಿಲ್ಲಿಸಿ, ಈಜು ಯಾರಿಗೆ ಬರುತ್ತದೆ ಎಂದು ಕೇಳಿದರಂತೆ. ಕೈ ಎತ್ತಿದವರು ಮೂವರು. ಮೂವರನ್ನೂ ನದಿಯ ಹೊಗೆಹಡಗಿಗೆ ಹಾಕಿದರು. ಅರವತ್ತೆರಡು ಹೆಜ್ಜೆ ಉದ್ದದ ಹಡಗು ಅದು.

ಒಂದು ಸಂಜೆ ಆ ಹಡಗು ಎಳೆಯುತ್ತಿದ್ದ ದೋಣಿ ನದಿಯ ನಡುವೆ ಮಗುಚಿತು. ದೋಣಿಯಲ್ಲಿ ನಲವತ್ತು ಜನ ಸಿಪಾಯಿಗಳು, ಕಾಲಿಗೆ ಬೂಟು, ಬೆನ್ನಿಗೆ ಮೂಟೆ. "ನಾಲ್ಕು ಜನಾನ ಎಳೆದೆ. ನಾಲ್ಕೇ" ಎನ್ನುತ್ತಾರೆ ಸೊಣ್ಣಪ್ಪ. ಅದರ ಮೇಲೆ ಕೇಳಿದರೆ ಹಗ್ಗ ಸುತ್ತುವ ಕೆಲಸಕ್ಕೆ ತಿರುಗುತ್ತಾರೆ.

ಹೋದ ಕಾರ್ತೀಕದಲ್ಲಿ ಕಮಾಂಡರ್ ಮೊದಲ ಸಲ ಹುಡುಗರನ್ನು ಕೆಂಪಾಂಬುಧಿ ಕೆರೆಗೆ ಕರೆದೊಯ್ದರು. ಬಿದಿರು, ಖಾಲಿ ಡಬ್ಬ ಕಟ್ಟಿದ ತೆಪ್ಪ. ಸೊಣ್ಣಪ್ಪ ದಡದಲ್ಲಿ ತೆಪ್ಪಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಹಿಡಿದಿದ್ದರು. ತೆಪ್ಪ ವಾಲಿತು, ಬದರೀನಾರಾಯಣ ಎಂಬ ಹುಡುಗ ಜಾರಿ ಬಿದ್ದ. ಬಸವನಗುಡಿಯ ವಕೀಲರ ಮಗ, ದಳದಲ್ಲೇ ಎಲ್ಲರಿಗಿಂತ ಚುರುಕು. ಕಲಿಸಿದ್ದನ್ನು ಒಂದಕ್ಷರ ತಪ್ಪದೆ ಮಾಡುವವನು.

ಅವನು ಕೂಗಲಿಲ್ಲ, ಕೈಕಾಲು ಬಡಿಯಲಿಲ್ಲ. ಬಲಗೈ ನೆಟ್ಟಗೆ ಎತ್ತಿ ಸುಮ್ಮನಾದ. ತೆಪ್ಪದ ಮೇಲಿದ್ದವರು ಗಂಟೆ ಬಾರಿಸಿದರು. ನಾಲ್ವರು ಸಾಲಾಗಿ ನಿಂತರು, ಸುರುಳಿ ಬಿಚ್ಚಿದರು, ಅಪ್ಪಣೆಗೆ ಕಾದರು. ಎಲ್ಲವೂ ಬಯಲಿನಲ್ಲಿ ಆಗುವಂತೆಯೇ ಆಯಿತು. ನೀರಿನ ಮೇಲೆ ನೆಟ್ಟಗೆ ನಿಂತ ಕೈ ಮಾತ್ರ ಮೊಣಕೈವರೆಗೆ, ಮಣಿಕಟ್ಟಿನವರೆಗೆ, ಬೆರಳಿನವರೆಗೆ ಇಳಿಯುತ್ತ ಹೋಯಿತು. ಸೊಣ್ಣಪ್ಪ ಹಗ್ಗ ಬಿಟ್ಟು ಹಾರಿದರು.

ಹುಡುಗ ಬದುಕಿದ. ದಡದಲ್ಲಿ ಬೋರಲು ಮಲಗಿಸಿ ನೀರು ಕಕ್ಕಿಸಿದ ಮೇಲೆ ಕಣ್ಣು ಬಿಟ್ಟು ಅವನು ಕೇಳಿದ್ದು ಇಷ್ಟು: "ಕೈ ಎತ್ತಿದ್ನಲ್ಲ ಟಿಂಡಲ್, ಯಾಕೆ ತಡ ಆಯ್ತು?"

ಈ ಮಾತು ಹೇಳುವಾಗ ಸೊಣ್ಣಪ್ಪ ಯಾರ ಮುಖವನ್ನೂ ನೋಡುವುದಿಲ್ಲ. "ಹುಡುಗ್ರದೇನೂ ತಪ್ಪಿಲ್ಲ. ಅಲುಗಾಡಬ್ಯಾಡಿ ಅಂತ ಹೇಳಿಕೊಟ್ಟೋನು ನಾನು. ನೀರಾಗೆ ಅಲುಗಾಡದೆ ಇದ್ರೆ ಏನಾಯ್ತದೆ ಅಂತ ನೋಡಿ ಬಂದೋನೂ ನಾನೇ. ನೆಲದ ಮ್ಯಾಲೆ ನಿಂತು ನಿಂತು ನನಗೇ ಮರ್ತೋಗಿತ್ತು."

ಮಾರನೆಯ ದಿನವೇ ಅವರು ಪಾಠ ಬದಲಿಸಿದರು. ಗೆರೆ ದಾಟಿದವನು ನೆಲದ ಮೇಲೆ ಬಿದ್ದು ಕೈಕಾಲು ಬಡಿಯಬೇಕು ಎಂದರು. ಇಸ್ತ್ರಿ ಮಾಡಿದ ಬಟ್ಟೆಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಒಬ್ಬನು ಹುಲ್ಲಿನ ಮೇಲೆ ಹೊರಳಿ ಕತ್ತೆಯಂತೆ ಕಿರುಚಿದ. ಕಮಾಂಡರ್ ಬಂದು ನೋಡಿ, ಇದು ಶಿಸ್ತಲ್ಲ ಎಂದು ನಿಲ್ಲಿಸಿದರು. ಅದೇ ವಾರ ಮೇಲಿನಿಂದ ಕಾಗದ ಬಂತು. ಇನ್ನು ಮುಂದೆ ದಳದ ಹುಡುಗರನ್ನು ಕೆರೆಗಾಗಲಿ ಬಾವಿಗಾಗಲಿ ಇಳಿಸಕೂಡದು. ಪೋಷಕರು ಒಪ್ಪಿ ಬರೆದುಕೊಟ್ಟರೆ ಆ ಮಾತು ಬೇರೆ.

ನೀರಿಗೆ ಇಳಿಯದ ಆ ಹುಡುಗರಲ್ಲಿ ಹನ್ನೊಂದು ಮಂದಿ ಇನ್ನು ಹತ್ತು ದಿನಕ್ಕೆ ಬೊಂಬಾಯಿಗೆ ಹೊರಡುತ್ತಾರೆ. ಅಲ್ಲಿ ನಿಜವಾದ ಹಡಗು, ನಿಜವಾದ ಸಮುದ್ರ, ಒಂದು ತಿಂಗಳ ಕ್ಯಾಂಪು. ಬಾವುಟ ನೋಡಿ ಓದುತ್ತಾರೆ, ಕಣ್ಣು ಮುಚ್ಚಿ ಗಂಟು ಹಾಕುತ್ತಾರೆ. ಹನ್ನೊಂದರಲ್ಲಿ ಒಬ್ಬನಿಗೂ ಈಜು ಬಾರದು.

"ದೊರೆಗೇ ಬರಲ್ಲ" ಎನ್ನುತ್ತಾರೆ ಸೊಣ್ಣಪ್ಪ, ದನಿ ತಗ್ಗಿಸಿ. "ಮೂವತ್ತು ವರ್ಷ ಹಡಗಲ್ಲಿದ್ರು. ಈಜು ಬಂದೋನು ನಿಧಾನಕ್ಕೆ ಸಾಯ್ತಾನೆ, ಬರದೋನು ಬೇಗ ಸಾಯ್ತಾನೆ ಅಂತ ಅವ್ರ ಕಡೆ ಹಡಗಿನೋರೆಲ್ಲ ಅಂತಾರಂತೆ. ಶೀನಣ್ಣನ ಕೈಲಿ ನನಗೂ ಅದನ್ನೇ ಹೇಳ್ಸಿದ್ರು." ಕೈಯಲ್ಲಿದ್ದ ಹಗ್ಗವನ್ನು ಎರಡು ಸುತ್ತು ಸುತ್ತುತ್ತಾರೆ. "ಬೇಗ ಸಾಯೋದನ್ನ ನಾನು ನೋಡಿದೀನಿ. ಅಷ್ಟೇನೂ ಬೇಗ ಅಲ್ಲ."

ಭಾನುವಾರ. ಕಚೇರಿಯ ಜಗಲಿಯಲ್ಲಿ ಹನ್ನೊಂದು ಹುಡುಗರ ಹನ್ನೊಂದು ತಂದೆಯರು ಬೆಂಚಿನ ಮೇಲೆ ಕೂತಿದ್ದಾರೆ. ಬೊಂಬಾಯಿಗೆ ಕಳಿಸಲು ಒಪ್ಪಿಗೆಯ ಸಹಿ ಹಾಕಬೇಕು. ಶೀನಣ್ಣ ಮೇಜಿನ ಹಿಂದೆ ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಕಮಾಂಡರ್ ಅವರ ಪಕ್ಕ ಕೈಕಟ್ಟಿ ನಿಂತಿದ್ದಾರೆ. ಜಗಲಿಯ ಕೆಳಗೆ, ಮೆಟ್ಟಿಲ ಬಳಿ, ಒಗೆದ ಪಂಚೆಯುಟ್ಟು ಸೊಣ್ಣಪ್ಪ.

"ಊಟಕ್ಕೆ ನಮ್ಮೋರ ಅಡುಗೆ ತಾನೇ?" ಎಂದು ಒಬ್ಬರು ಕೇಳುತ್ತಾರೆ. ಹೌದು, ಅದಕ್ಕೆಂದೇ ಬೇರೆ ಅಡುಗೆಯವರು ಇದ್ದಾರೆ. "ಸಂಧ್ಯಾವಂದನೆಗೆ ಹೊತ್ತು ಬಿಡ್ತಾರೋ?" ಬಿಡುತ್ತಾರೆ. "ಉಪ್ಪು ಗಾಳಿ ನಮ್ಮ ಹುಡುಗನ ಕೆಮ್ಮಿಗೆ ಆಗುತ್ತೋ ಇಲ್ವೋ?" ಇದಕ್ಕೆ ಶೀನಣ್ಣ, "ಎಲ್ಲಕ್ಕೂ ಡಾಕ್ಟರು ಇದಾರೆ ಸ್ವಾಮಿ, ಇಲ್ಲಿ ಸಹಿ ಮಾಡಿ" ಎಂದು ಬೆರಳಿಡುತ್ತಾರೆ. ಬದರೀನಾರಾಯಣನ ತಂದೆ ಕೊನೆಯವರು. ಲೇಖನಿ ಹಿಡಿದು ಸ್ವಲ್ಪ ತಡೆಯುತ್ತಾರೆ. "ಇವನಿಗೆ ನೀರಿನ ಗಂಡಾಂತರ ಅಂತ ಜಾತಕದಲ್ಲೇ ಇತ್ತು. ಕಾರ್ತೀಕದಲ್ಲಿ ಕಳೀತು. ಶಾಂತಿನೂ ಮಾಡಿಸಿದ್ದಾಯ್ತು" ಎಂದು ಹೇಳಿ ಸಹಿ ಹಾಕುತ್ತಾರೆ.

ಆಗ ಸೊಣ್ಣಪ್ಪ ಒಂದು ಮೆಟ್ಟಿಲು ಹತ್ತುತ್ತಾರೆ. ದಳಕ್ಕೆ ಸೇರಿದ ಈ ಎರಡು ವರ್ಷದಲ್ಲಿ ಕರೆಯದೆ ಅವರು ಜಗಲಿಯ ಕಡೆ ಕಾಲಿಟ್ಟದ್ದಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿಯುತ್ತಾರೆ.

"ಸ್ವಾಮಿಯೋರೆ, ತಪ್ಪು ತಿಳ್ಕೋಬ್ಯಾಡಿ. ಇನ್ನು ಹತ್ತು ದಿನ ಐತೆ. ದಿನಾ ಬೆಳಿಗ್ಗೆ ಒಂದು ಗಂಟೆ ಹುಡುಗ್ರನ್ನ ನನ್ ಜೊತೆ ಕೆರೆಗೆ ಕಳ್ಸಿ. ಸೊಂಟದುದ್ದ ನೀರಾಗೆ ನಿಲ್ಸಿ, ಒಬ್ಬೊಬ್ಬರನ್ನೇ ಹಿಡ್ಕೊಂಡು ಕೈಕಾಲು ಆಡ್ಸೋದು ಕಲಿಸ್ತೀನಿ. ನೀವು ಬೇಕಾದ್ರೆ ದಡದಾಗೆ ಕೂತು ನೋಡಿ. ಬರ್ದುಕೊಡಿ ಸ್ವಾಮಿ, ಅಷ್ಟೇ ಸಾಕು."

ಕಮಾಂಡರಿಗೆ ಕನ್ನಡ ಬಾರದು. ಏನಂತೆ ಎನ್ನುವ ಹಾಗೆ ಶೀನಣ್ಣನ ಕಡೆ ನೋಡುತ್ತಾರೆ. ಶೀನಣ್ಣ ಸಹಿಗಳ ಮೇಲೆ ಶಾಯಿ ಹೀರುವ ಕಾಗದ ಒತ್ತುತ್ತಾರೆ, ಒಂದಾದ ಮೇಲೊಂದು, ಹನ್ನೊಂದೂ. ಒಬ್ಬ ತಂದೆ ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿ ಹುಡುಕಲು ಏಳುತ್ತಾರೆ. ಬದರೀನಾರಾಯಣನ ತಂದೆ ಪೇಟ ಸರಿಮಾಡಿಕೊಂಡು ಬಯಲಿನಾಚೆ ದಿಟ್ಟಿಸುತ್ತಾರೆ.

ಸೊಣ್ಣಪ್ಪ ಕಾಯುತ್ತಾರೆ. ಮೆಟ್ಟಿಲು ಇಳಿಯುವುದಿಲ್ಲ.

"ಒಂದು ಗಂಟೆ ಬ್ಯಾಡ ಸ್ವಾಮಿ" ಎನ್ನುತ್ತಾರೆ. "ಅರ್ಧ ಗಂಟೆ ಕೊಡಿ."