ಐವತ್ತೆಂಟು ಹೆಂಗಸರ ದುಡ್ಡು, ಒಂದೇ ಫೋನು

ನೈಜೀರಿಯಾದ ಇಬಾದಾನಿನ ಸಂತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊರೊಲಾಕೆ ಮೆಣಸಿನಕಾಯಿ ಸಾಲಿನ ತುದಿಗೆ ಬಂದು ನಿಂತಿದ್ದಾರೆ. ಕಾಲು ಮುಂದೆ ಹೋಗಲೊಲ್ಲದು. ಹದಿನೇಳು ವರ್ಷದಿಂದ ಇದೇ ಹೊತ್ತಿಗೆ ಒಬ್ಬೊಬ್ಬರನ್ನೂ ರೇಗಿಸುತ್ತಾ, ನಗಿಸುತ್ತಾ ಬರುತ್ತಿದ್ದ ಹೆಂಗಸು ಇವತ್ತು ಕೈಯಲ್ಲಿನ ಫೋನನ್ನೇ ಮತ್ತೆ ಮತ್ತೆ ನೋಡುತ್ತಿದ್ದಾರೆ.

ಇವರು ಅಲಾಜೊ. ಅಂಗಡಿ ಅಂಗಡಿಗೆ ಬಂದು ಉಳಿತಾಯ ಕೂಡಿಸಿಕೊಳ್ಳುವ ಕಸುಬು. ಐವತ್ತೆಂಟು ಹೆಂಗಸರು, ದಿನಕ್ಕೆ ತಲಾ ಐನೂರು ನೈರಾ. ಕೊಟ್ಟಾಗ ಅವರವರ ಕಾರ್ಡಿನಲ್ಲಿ ಒಂದು ಗೀಟು. ಮೊದಲ ಗೀಟಿನ ದುಡ್ಡು ಮೊರೊಲಾಕೆಯ ಕೂಲಿ. ಮೂವತ್ತೊಂದನೇ ಗೀಟು ಬಿದ್ದ ದಿನ ಮಿಕ್ಕಿದ್ದೆಲ್ಲ ಅವರವರ ಕೈಗೆ. ರಸೀದಿಯಿಲ್ಲ, ಸಹಿಯಿಲ್ಲ, ಬರೀ ನಂಬಿಕೆ. ಯಾವ ಪೇಪರಿನವರಾದರೂ ಇವರ ಫೋಟೊ ಹಾಕಿದ್ದುಂಟೇ? ಇಲ್ಲಪ್ಪ.

ಭಯ ಶುರುವಾದದ್ದು ಹಳೇ ನೋಟು ರದ್ದಾಗುತ್ತದೆ ಎಂಬ ಪ್ರಕಟಣೆಯಿಂದ. ಹೊಸ ನೋಟು ಎಲ್ಲೂ ಸಿಗುತ್ತಿಲ್ಲ. "ಸರ್ಕಾರದ್ದೇ ಡಿಜಿಟಲ್ ನೈರಾ ಇದೆಯಲ್ಲಮ್ಮ, ಫೋನಿಗೆ ಹಾಕಿಬಿಡು" ಎಂದರು ಕಂಡಕಂಡವರು. ಶನಿವಾರ ಮೊರೊಲಾಕೆ ಏಳೂಕಾಲು ಲಕ್ಷ ನೈರಾವನ್ನು, ಚೀಲಕ್ಕೆ ತುಂಬುವ ಹಾಗೆ, ತಮ್ಮೊಬ್ಬರ ಹೆಸರಿನ ಡಿಜಿಟಲ್ ಖಾತೆಗೇ ತುಂಬಿಬಿಟ್ಟರು. ಅದು ಒಬ್ಬರ ದುಡ್ಡಿಗೆಂದು ಮಾಡಿದ ಖಾತೆ. ಮಿತಿ ದಾಟಿತು, ಬೀಗ ಬಿತ್ತು. ದುಡ್ಡು ಯಾರದೆಂದು ಬ್ಯಾಂಕಿನ ಆಫೀಸಿಗೆ ರುಜುವಾತು ತಂದರೆ ಮಾತ್ರ ತೆರೆಯುತ್ತಾರಂತೆ.

"ನೋಟಾಗಿದ್ರೆ ಹಾಸಿಗೆ ಕೆಳಗೆ ಕೈ ಹಾಕಿ ನೋಡಬಹುದಿತ್ತು. ಇದನ್ನ ಎಲ್ಲಿ ಅಂತ ಮುಟ್ಟಿ ನೋಡ್ಲಿ?" ಎನ್ನುತ್ತಾರೆ. "ನಂದಾಗಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ಹೆದರಿಕೆಗೆ ಅಮಾಲಾ ಮುದ್ದೆ ಮುಟ್ಟದೆ ಹಾಗೇ ಇಟ್ಟಿದ್ದೀನಿ."

ಇವತ್ತು ಸೋಮವಾರ, ಇಪ್ಪತ್ತೇಳನೇ ಗೀಟು. ಶುಕ್ರವಾರ ದುಡ್ಡು ಹಂಚಬೇಕು. ಮೊದಲು ಹೇಳಬೇಕಾದ್ದು ಮೆಣಸಿನಕಾಯಿ ಮಾರುವ ಸಿದಿಕಾತುಗೆ. ಆಕೆಯ ಗಂಡನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಬರುವುದು ಈ ಉಳಿತಾಯದಿಂದಲೇ.

"ಅಕ್ಕಾ, ಇವತ್ತು ದುಡ್ಡು ಬೇಡ," ಎಂದು ಶುರುಮಾಡಿ ಮೊರೊಲಾಕೆ ಎಲ್ಲವನ್ನೂ ಹೇಳಿಬಿಡುತ್ತಾರೆ.

ಸಿದಿಕಾತು ಕೈಯಲ್ಲಿದ್ದ ನೋಟನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. "ಅಯ್ಯೋ ನಿನ್ನ ಮನೆ ಕಾಯ್ವಾಗ! ಐವತ್ತೆಂಟು ಜನರ ಗಂಟನ್ನ ಒಬ್ಬಳ ಹೆಸರಿಗೆ ಹಾಕ್ಕೊಂಡ್ಯಲ್ಲೇ! ಶುಕ್ರವಾರ ನನ್ನ ಗಂಡನಿಗೆ ಏನೇ ಚುಚ್ಲಿ, ನಿನ್ನ ಫೋನಾ?"

"ಬೈಯ್ಯಿ ಅಕ್ಕಾ. ಬೇಕಾದ್ರೆ ಹೊಡಿ."

"ಹೊಡೆದ್ರೆ ಬೀಗ ಬಿಚ್ಕೊಳ್ತದಾ?" ಆಕೆಗೂ ಅಳು ಬಂದಿದೆ. ಮೆಣಸಿನಕಾಯಿ ಬುಟ್ಟಿಗೆ ಬಟ್ಟೆ ಹೊದಿಸಿ ತನ್ನ ಕಾರ್ಡು ಎತ್ತಿಕೊಳ್ಳುತ್ತಾಳೆ. "ಯಾರ ದುಡ್ಡು ಅಂತ ತಾನೇ ಅವರು ಕೇಳೋದು? ನಂದು ಅಂತ ನಾನೇ ಬಂದು ಹೇಳ್ತೀನಿ. ನಡಿ, ಉಳಿದವರನ್ನೂ ಕರಿ."

ಗೀಟೆಳೆದ ರಟ್ಟಿನ ಕಾರ್ಡನ್ನು ಆಫೀಸಿನವರು ರುಜುವಾತೆಂದು ಒಪ್ಪುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಇನ್ನೂ ಐವತ್ತೇಳು ಜನಕ್ಕೆ ಹೇಳುವುದು ಬಾಕಿಯಿದೆ.

"ಬೀಗ ತೆಗೀತಾರೋ ಇಲ್ವೋ," ಎನ್ನುತ್ತಾರೆ ಮೊರೊಲಾಕೆ ಮುಂದಿನ ಅಂಗಡಿಯತ್ತ ತಿರುಗಿ, "ಶುಕ್ರವಾರ ಬೆಳಿಗ್ಗೆ ನಾನು ಇಲ್ಲೇ ಬಂದು ನಿಂತಿರ್ತೀನಿ. ಬರಿಗೈಯಲ್ಲಾದ್ರೂ ಸರಿ. ಓಡಿಹೋದ ಅಲಾಜೊ ಅಂತ ಮಾತ್ರ ಅನ್ನಿಸ್ಕೊಳ್ಳಲ್ಲ."